‘ಎಲ್ಲ ಆಗಿದೆ ಸಾರ್’

ನಮ್ಮಪ್ಪ ಐ.ಬಿ.ಯಲ್ಲಿ ಮೇಟಿಯಾಗಿದ್ದರು. ಈಗಿನ ಹುಡುಗರಿಗೆ ಈ ಎರಡೂ ಪದ ಗೊತ್ತಿರುವುದು ಕಡಿಮೆ. ಐ.ಬಿ. ಅಂದರೆ ಇನ್‌ಸ್ಪೆಕ್ಷನ್ ಬಂಗಲೆ. ಬೋರ್ಡಿನ ಮೇಲೆ ‘ಪ್ರವಾಸಿ ಮಂದಿರ’ ಅಂತ ಇದ್ದರೂ ಊರವರ ಬಾಯಲ್ಲಿ ಅದು ಐ.ಬಿ.ಯೇ. ಮೇಟಿ ಅಂದರೆ ಅಲ್ಲಿ ಅಡುಗೆ ಮಾಡಿ, ಹಾಸಿಗೆ ಹಾಸಿ, ನೀರು ಕಾಯಿಸಿ, ಬೀಗದ ಕೈ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಮನುಷ್ಯ. ಬಂಗಲೆಯ ಹಿಂದೆ ಒಂದು ಹೆಂಚಿನ ಮನೆ. ನಾವು ನಾಲ್ಕು ಮಕ್ಕಳು ಹುಟ್ಟಿ ಬೆಳೆದದ್ದು ಅಲ್ಲೇ.

ಯಾವ ಊರು ಅಂತ ಹೇಳುವುದಿಲ್ಲ. ಮಲೆನಾಡಿನ ಅಂಚಿನ ಒಂದು ತಾಲ್ಲೂಕು ಅಂದುಕೊಳ್ಳಿ. ಮುಂದೆ ಹೇಳುವ ಕೆಲವು ಸಂಗತಿಗಳಿಂದ ಯಾರಿಗೂ ಮುಜುಗರ ಆಗಬಾರದು. ನಾನು ಬರೆಯುತ್ತಿರುವುದು ಯಾರನ್ನೋ ದೂರುವುದಕ್ಕಲ್ಲ. ಮೂವತ್ತೈದು ವರ್ಷ ಕೋರ್ಟಿನಲ್ಲಿ ಕೆಲಸ ಮಾಡಿ, ಶಿರಸ್ತೇದಾರಳಾಗಿ, ಅಂದರೆ ಕೋರ್ಟ್ ಕಚೇರಿಯ ಮುಖ್ಯಸ್ಥೆಯಾಗಿ, 2021ರಲ್ಲಿ ನಿವೃತ್ತಿಯಾದೆ. ಅಷ್ಟೂ ವರ್ಷ ಮನಸ್ಸಿನಲ್ಲಿ ಕೊರೆಯುತ್ತಿದ್ದ ಮಾತು ಒಂದೇ. ಜಡ್ಜ್ ಸಾಹೇಬರು ಪ್ರವಾಸ ಬಂದಾಗ ಅವರು ಉಳಿಯುವುದು, ಉಣ್ಣುವುದು ಯಾರ ದುಡ್ಡಿನಲ್ಲಿ?

1973ರಲ್ಲಿ ನನಗೆ ಹನ್ನೆರಡು ವರ್ಷ. ಆ ವರ್ಷವೇ ನವೆಂಬರ್‌ನಲ್ಲಿ ಮೈಸೂರು ರಾಜ್ಯ ಕರ್ನಾಟಕ ಆಯಿತು. ಅಪ್ಪನ ರಿಜಿಸ್ಟರ್ ಮೇಲೆ ಅಚ್ಚಾಗಿದ್ದ ‘ಮೈಸೂರು’ ಅನ್ನುವುದನ್ನು ಅವರು ಸ್ಕೇಲ್ ಇಟ್ಟು ಹೊಡೆದು ಹಾಕಿ, ಶಾಯಿಯಲ್ಲಿ ‘ಕರ್ನಾಟಕ’ ಅಂತ ಬರೆದದ್ದು ಚೆನ್ನಾಗಿ ನೆನಪಿದೆ. ಆ ಚಳಿಗಾಲ ಜಿಲ್ಲಾ ನ್ಯಾಯಾಧೀಶರು ತಾಲ್ಲೂಕು ಕೋರ್ಟಿನ ಇನ್‌ಸ್ಪೆಕ್ಷನ್‌ಗೆ ಬಂದರು. ಎರಡು ರಾತ್ರಿ ಇದ್ದರು. ಅಪ್ಪ ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಹಂಡೆ ಒಲೆ ಹಚ್ಚುತ್ತಿದ್ದರು. ಸೌದೆ ಹಸಿಯಾಗಿತ್ತು. ಹೊಗೆಯಲ್ಲಿ ಅವರ ಕಣ್ಣು ಕೆಂಪಾಗಿದ್ದವು.

ಎರಡನೇ ಸಂಜೆ ಒಂದು ಜೀಪು ಬಂತು. ಡ್ರೈವರ್ ಒಂದು ಬುಟ್ಟಿ ಕಿತ್ತಳೆ ಇಳಿಸಿ, ‘ಸಾಹೇಬರಿಗೆ ನಮ್ಮ ಧಣಿ ಕೊಟ್ಟು ಬಾ ಅಂದ್ರು’ ಅಂದ. ಅಪ್ಪ ಅದನ್ನು ಅಡುಗೆಮನೆಯಲ್ಲಿ ಇಟ್ಟರು. ನಾನು ಒಂದು ಹಣ್ಣು ತೆಗೆದುಕೊಂಡೆ. ಸಿಪ್ಪೆಗೆ ಇನ್ನೂ ಉಗುರು ಹಾಕಿರಲಿಲ್ಲ. ಅಷ್ಟರಲ್ಲಿ ಸಾಹೇಬರು ಜಗುಲಿಯಿಂದ ಕರೆದು, ಬುಟ್ಟಿ ಯಾರದು ಅಂತ ಕೇಳಿದರು. ಅಪ್ಪ ಎಸ್ಟೇಟಿನವರ ಹೆಸರು ಹೇಳಿದರು.

‘ಈಗಲೇ ವಾಪಸ್ ಕಳಿಸಿ. ಒಂದೂ ತೆಗೀಬೇಡಿ.’

ಅಪ್ಪ ಒಳಗೆ ಬಂದು ನನ್ನ ಕೈಯಿಂದ ಹಣ್ಣು ತೆಗೆದುಕೊಂಡರು. ಪಂಚೆಯ ಅಂಚಿನಲ್ಲಿ ಒರೆಸಿ ಬುಟ್ಟಿಯಲ್ಲಿ ಇಟ್ಟರು. ಆಮೇಲೆ ಬುಟ್ಟಿಯನ್ನು ತಲೆಯ ಮೇಲೆ ಹೊತ್ತು, ಕತ್ತಲೆಯಲ್ಲಿ ಎರಡು ಮೈಲಿ ನಡೆದು ಕೊಟ್ಟು ಬಂದರು. ಆ ಮನೆಯವರ ಜಮೀನಿನ ಕೇಸು ಕೋರ್ಟಿನಲ್ಲಿ ನಡೆಯುತ್ತಿದೆ ಅಂತ ಅಪ್ಪನಿಗೆ ಗೊತ್ತಾದದ್ದು ಆಮೇಲೆ.

ಮಾರನೇ ದಿನ ಹೊರಡುವಾಗ ಸಾಹೇಬರು ಬಿಲ್ ಕೇಳಿದರು. ಅಪ್ಪ ಒಬ್ಬರ ಊಟದ ಲೆಕ್ಕ ಬರೆದಿದ್ದರು. ಅವರು ಕನ್ನಡಕ ಏರಿಸಿ ನೋಡಿ, ‘ದಫೇದಾರನ ಊಟ, ಡ್ರೈವರ್ ಊಟ ಎಲ್ಲಿ?’ ಅಂದರು. ಅದನ್ನೂ ಬರೆಸಿದರು. ಚಿಲ್ಲರೆ ಸಮೇತ ಎಣಿಸಿ ಕೊಟ್ಟರು. ರಸೀದಿ ಪಡೆದು ಮಡಚಿ ಜೇಬಿಗಿಟ್ಟುಕೊಂಡರು. ಆ ರಸೀದಿಯ ಪ್ರತಿಯನ್ನು ಅಪ್ಪ ಬಹಳ ಕಾಲ ತೋರಿಸುತ್ತಿದ್ದರು. ಅವರಿಗೆ ಅದು ಒಂದು ಮರ್ಯಾದೆಯ ಪತ್ರದ ಹಾಗಿತ್ತು. ತಾನು ಮಾಡಿದ ಅಡುಗೆಗೆ ಲೆಕ್ಕ ಇದೆ, ಬೆಲೆ ಇದೆ ಅನ್ನುವ ಮರ್ಯಾದೆ.

ಈಗ ನನ್ನ ಕಾಲಕ್ಕೆ ಬರುತ್ತೇನೆ.

ನಾನು 1986ರಲ್ಲಿ ಎಸ್‌ಡಿಎ, ಅಂದರೆ ದ್ವಿತೀಯ ದರ್ಜೆ ಸಹಾಯಕಿ ಆಗಿ ಕೋರ್ಟ್ ಸೇರಿದೆ. ಆಮೇಲೆ ಎಫ್‌ಡಿಎ, ಪ್ರಥಮ ದರ್ಜೆ ಸಹಾಯಕಿ ಆದೆ. ಸುಮಾರು 2009ರಲ್ಲಿ, ನಾನಿದ್ದ ಒಂದು ತಾಲ್ಲೂಕು ಕೋರ್ಟಿಗೆ ಮೇಲಿನ ಕೋರ್ಟಿನ ನ್ಯಾಯಮೂರ್ತಿಗಳು ಬರುತ್ತಾರೆ ಅಂತ ಪ್ರವಾಸ ಕಾರ್ಯಕ್ರಮ ಬಂತು. ಇದು ಅವರ ಕೆಲಸವೇ. ಸಂವಿಧಾನದ 235ನೇ ವಿಧಿ ಪ್ರಕಾರ ಕೆಳಗಿನ ಕೋರ್ಟುಗಳ ಮೇಲೆ ಹತೋಟಿ ಹೈಕೋರ್ಟಿನದು. ಬಂದು ನೋಡದೆ ಹತೋಟಿ ಹೇಗೆ? ಅವರು ಬಂದ ಮೇಲೆಯೇ ಎಷ್ಟೋ ಕಡೆ ರೆಕಾರ್ಡ್ ರೂಮಿನ ಸೋರುವ ಸೂರು ರಿಪೇರಿ ಆಗಿದೆ. ಹೆಂಗಸರಿಗೆ ಒಂದು ಶೌಚಾಲಯ ಆಗಿದೆ. ಅವರು ಬರುವುದು ಬೇಡ ಅಂತ ಕೋರ್ಟ್ ಸಿಬ್ಬಂದಿ ಯಾರೂ ಹೇಳುವುದಿಲ್ಲ.

ಒಂದು ರಾತ್ರಿ, ಎರಡು ಮಧ್ಯಾಹ್ನದ ಊಟ. ಅಷ್ಟೇ ಕಾರ್ಯಕ್ರಮ.

ಪತ್ರ ಬಂದ ಗಳಿಗೆಯಿಂದ ಕೋರ್ಟಿನಲ್ಲಿ ಒಂದು ಭಯ ಶುರುವಾಯಿತು. ಐ.ಬಿ.ಯ ಗೀಸರ್ ಕೆಟ್ಟಿದೆ. ಸೊಳ್ಳೆಪರದೆ ಹರಿದಿದೆ. ಹೊಸ ಬೆಡ್‌ಶೀಟ್ ಬೇಕು, ಟವೆಲ್ ಬೇಕು, ಕಪ್ಪು ಸಾಸರ್ ಬೇಕು. ಹಣ್ಣಿನ ಬುಟ್ಟಿ, ಡ್ರೈ ಫ್ರೂಟ್ಸ್, ಶಾಲು, ಹಾರ, ಮೈಸೂರು ಪೇಟ. ಜೊತೆಗೆ ಬರುವವರು, ಜಿಲ್ಲೆಯಿಂದ ಬರುವವರು, ಗನ್‌ಮ್ಯಾನ್, ಡ್ರೈವರುಗಳು ಎಲ್ಲ ಸೇರಿ ನಲವತ್ತು ಎಲೆ. ಇದರಲ್ಲಿ ಒಂದನ್ನೂ ಆ ನ್ಯಾಯಮೂರ್ತಿಗಳು ಕೇಳಿರಲಿಲ್ಲ. ಇದು ನಿಮಗೆ ಚೆನ್ನಾಗಿ ಗೊತ್ತಿರಬೇಕು. ಒಂದು ಫೋನ್ ಬಂದಿರಲಿಲ್ಲ, ಒಂದು ಸಾಲು ಬರೆದಿರಲಿಲ್ಲ. ಕೊನೆಗೆ ಅವರು ಉಂಡದ್ದು ಮೊಸರನ್ನ, ಮಾವಿನಕಾಯಿ ಉಪ್ಪಿನಕಾಯಿ. ಅಷ್ಟೇ.

ಹಾಗಾದರೆ ಖರ್ಚು ಯಾರದು? ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊರಗಿನವರಿಗೆ ಇದು ಗೊತ್ತಿರುವುದಿಲ್ಲ.

ಹೈಕೋರ್ಟ್ ನ್ಯಾಯಮೂರ್ತಿಗಳ ಸಂಬಳ, ಭತ್ಯೆ ರಾಜ್ಯದ ಸಂಚಿತ ನಿಧಿಯಿಂದ, ಅಂದರೆ ಸರ್ಕಾರದ ಮುಖ್ಯ ಖಜಾನೆಯಿಂದ ನೇರವಾಗಿ ಹೋಗುತ್ತದೆ. ವಿಧಾನಸಭೆ ಅದರ ಬಗ್ಗೆ ಚರ್ಚೆ ಮಾಡಬಹುದು, ಮತಕ್ಕೆ ಹಾಕುವ ಹಾಗಿಲ್ಲ. ಇದು ಸರಿಯಾದ ವ್ಯವಸ್ಥೆ. ಸರ್ಕಾರಕ್ಕೆ ಇಷ್ಟವಾಗದ ತೀರ್ಪು ಕೊಟ್ಟರು ಅಂತ ಸಂಬಳಕ್ಕೆ ಕತ್ತರಿ ಹಾಕುವ ಹಾಗಿರಬಾರದು, ಅಲ್ವಾ? ಪ್ರವಾಸ ಭತ್ಯೆಗೆ 1956ರಿಂದಲೇ ಪ್ರತ್ಯೇಕ ನಿಯಮಗಳಿವೆ. ಬಂದವರಿಗೆ ಕಾಫಿ ತಿಂಡಿ ಕೊಡಲಿ ಅಂತ ಅತಿಥಿ ಸತ್ಕಾರದ ಭತ್ಯೆಯೂ ಇದೆ. 2018ರ ತಿದ್ದುಪಡಿ ಆದಾಗ ಅದು ಹೈಕೋರ್ಟ್ ನ್ಯಾಯಮೂರ್ತಿಗಳಿಗೆ ತಿಂಗಳಿಗೆ 27,000 ರೂಪಾಯಿ, ಮುಖ್ಯ ನ್ಯಾಯಮೂರ್ತಿಗಳಿಗೆ 34,000 ರೂಪಾಯಿ ಆಯಿತು. ಇದೆಲ್ಲ ಕಾಯಿದೆಯಲ್ಲೇ ಅಚ್ಚಾಗಿದೆ. ಯಾರು ಬೇಕಾದರೂ ಓದಬಹುದು. ಇದರಲ್ಲಿ ಮುಚ್ಚುಮರೆ ಇಲ್ಲ.

ಆದರೆ ಅವರ ಕಾರು ನಮ್ಮ ತಾಲ್ಲೂಕಿನ ಗಡಿ ದಾಟಿ ಒಳಗೆ ಬಂತು ಅಂದರೆ ಖರ್ಚು ಚೂರು ಚೂರಾಗುತ್ತದೆ. ಬಂಗಲೆ ಲೋಕೋಪಯೋಗಿ ಇಲಾಖೆಯದು, ಅದರ ಸುಣ್ಣ ಬಣ್ಣ ಅವರ ಬಜೆಟ್ಟಿನಲ್ಲಿ. ಬೆಂಗಾವಲು ಪೊಲೀಸರದು. ಕೋರ್ಟಿನ ಜೀಪಿನ ಡೀಸೆಲ್ ಕೋರ್ಟಿನದು. ರೂಮಿನ ಬಾಡಿಗೆಗೆ ರಸೀದಿ ಸಿಗುತ್ತದೆ. ಊಟ ಮಾತ್ರ ಯಾರ ಲೆಕ್ಕಕ್ಕೂ ಸೇರುವುದಿಲ್ಲ. ಹಾರ, ಹಣ್ಣು, ಬೆಡ್‌ಶೀಟು, ಗೀಸರ್ ರಿಪೇರಿ, ಇವೂ ಅಷ್ಟೇ. ಬಿಲ್ ಕಳಿಸಿದರೆ ಖಜಾನೆಯಿಂದ ಆಕ್ಷೇಪಣೆ ಹಾಕಿ ವಾಪಸ್ ಬರುತ್ತದೆ. ‘ಮಂಜೂರಾತಿ ಆದೇಶ ಲಗತ್ತಿಸಿಲ್ಲ.’ ಮಂಜೂರಾತಿ ಕೊಡಬೇಕಾದವರಿಗೆ ಬರೆದರೆ ಉತ್ತರ ಬರುವುದಿಲ್ಲ. ನಾನು ನೋಡಿದ್ದು ಇದನ್ನೇ.

ಆ ಸಲ ಒಟ್ಟು ಹದಿನೆಂಟು ಸಾವಿರದ ಚಿಲ್ಲರೆ ಆಯಿತು. ಲೆಕ್ಕ ಬರೆದದ್ದು ನಾನು. ಸಿಬ್ಬಂದಿ ಹನ್ನೊಂದು ಜನ. ತಲೆಗೆ ಐನೂರು ಅಂತ ಚಂದಾ ಎತ್ತಿದರು. ಆ ಕಾಲಕ್ಕೆ ಐನೂರು ಸಣ್ಣ ಮೊತ್ತ ಅಲ್ಲ. ಜವಾನರೂ ಐನೂರು, ಶಿರಸ್ತೇದಾರರೂ ಐನೂರು. ನಮ್ಮಲ್ಲಿ ಒಬ್ಬ ಜವಾನರಿದ್ದರು. ಮಗಳನ್ನು ಅದೇ ವರ್ಷ ಪಿಯುಸಿಗೆ ಸೇರಿಸಿದ್ದರು. ನೂರರ ಐದು ನೋಟುಗಳನ್ನು ನನ್ನ ಮೇಜಿನ ಮೇಲೆ ಇಟ್ಟು, ಒಂದನ್ನು ಎರಡು ಸಲ ನೇವರಿಸಿ ಮಡಿಕೆ ಬಿಡಿಸಿದರು. ಏನೂ ಮಾತಾಡಲಿಲ್ಲ. ನನಗೆ ಆ ಕೈ ಇವತ್ತೂ ಕಾಣುತ್ತದೆ.

ಚಂದಾದಲ್ಲಿ ಬಂದದ್ದು ಐದೂವರೆ ಸಾವಿರ. ಉಳಿದದ್ದು?

‘ಊಟ ನಾನು ನೋಡ್ಕೋತೀನಿ ಬಿಡಿ’ ಅಂದರು ಒಬ್ಬ ಹಿರಿಯ ವಕೀಲರು. ಒಳ್ಳೆಯ ಮನುಷ್ಯರೇ. ಕೆಟ್ಟ ಉದ್ದೇಶ ಇತ್ತು ಅಂತ ನಾನು ಹೇಳಲಾರೆ. ಆದರೆ ಅವರ ಹತ್ತಾರು ಕೇಸುಗಳು ಅದೇ ಕೋರ್ಟಿನಲ್ಲಿ ಇದ್ದವು. ಮುಂದಿನ ವಾರ ಕೇಸುಗಳ ಪಟ್ಟಿ ನೋಡಿದೆ. ಅವರ ಫೈಲು ಮೇಲೆ ಬಂದಿತ್ತು. ಯಾರೂ ಯಾರಿಗೂ ಏನೂ ಹೇಳಿರಲಿಲ್ಲ. ಬೆಂಚ್ ಕ್ಲರ್ಕ್ ಕೈ ತಾನಾಗಿಯೇ ಆ ಫೈಲನ್ನು ಮೇಲಿಟ್ಟಿತ್ತು. ಹಿಂದಿನ ಬೆಂಚಿನಲ್ಲಿ ಬಸ್ಸಿನ ಟೈಮ್ ನೋಡುತ್ತಾ ಕೂತ ಮುದುಕಿಯ ಕೇಸು ಕೆಳಗೆ ಹೋಗಿತ್ತು. ಬುಟ್ಟಿ ಕಿತ್ತಳೆ ವಾಪಸ್ ಹೊತ್ತುಕೊಂಡು ಹೋದವರ ಮಗಳು ನಾನು. ಅವತ್ತು ಅದನ್ನು ನೋಡಿ ಸುಮ್ಮನಿದ್ದೆ.

ಇನ್ನೊಂದು ಗಳಿಗೆ ಇದೆ. ಅದನ್ನೂ ಹೇಳಿಬಿಡುತ್ತೇನೆ. ಹೊರಡುವಾಗ ನ್ಯಾಯಮೂರ್ತಿಗಳು ಮೆಟ್ಟಿಲ ಮೇಲೆ ನಿಂತು, ‘ಊಟದ ಬಿಲ್ ಎಷ್ಟಾಯ್ತು? ಯಾರು ಕೊಟ್ರು?’ ಅಂತ ಕೇಳಿದರು. ಕೇಳಿದ್ದು ಸತ್ಯ. ನಾನು ನಾಲ್ಕು ಅಡಿ ದೂರದಲ್ಲಿದ್ದೆ. ಲೆಕ್ಕದ ಹಾಳೆ ನನ್ನ ಕೈಯಲ್ಲೇ ಇತ್ತು, ನಾಲ್ಕು ಮಡಿಕೆಯಾಗಿ. ನಮ್ಮ ಮೇಲಿನವರೊಬ್ಬರು ಕೈಮುಗಿದು, ‘ಎಲ್ಲ ಆಗಿದೆ ಸಾರ್’ ಅಂದರು. ಅವರು ತಲೆಯಾಡಿಸಿ ಕಾರು ಹತ್ತಿದರು.

ಆಗಿದೆ ಅಂದರೆ ಏನು ಆಗಿದೆ? ಯಾರಿಂದ ಆಗಿದೆ? ಸುಪ್ರೀಂ ಕೋರ್ಟಿನ ಎಲ್ಲ ನ್ಯಾಯಮೂರ್ತಿಗಳೂ ಸೇರಿ 1997ರ ಮೇ ತಿಂಗಳಲ್ಲಿ ಒಂದು ನಡವಳಿಕೆಯ ಪಟ್ಟಿ ಒಪ್ಪಿಕೊಂಡರು. ಅದರಲ್ಲಿ ಒಂದು ಅಂಶ ಹೀಗಿದೆ: ಮನೆಯವರು, ಹತ್ತಿರದ ನೆಂಟರು, ಸ್ನೇಹಿತರು ಬಿಟ್ಟು ಬೇರೆ ಯಾರಿಂದಲೂ ನ್ಯಾಯಮೂರ್ತಿಗಳು ಉಡುಗೊರೆಯನ್ನಾಗಲಿ, ಆತಿಥ್ಯವನ್ನಾಗಲಿ ಪಡೆಯಬಾರದು. ಈಗ ಯೋಚನೆ ಮಾಡಿ. ಸರ್ಕಾರ ಊಟದ ಬಿಲ್ ಪಾಸು ಮಾಡದಿದ್ದರೆ ಆ ಊಟ ವಕೀಲರ ಆತಿಥ್ಯ ಆಗುತ್ತದೆ. ಜವಾನರ ಆತಿಥ್ಯ ಆಗುತ್ತದೆ. ಉಂಡವರಿಗೇ ಗೊತ್ತಿಲ್ಲದೆ ಅವರ ನಿಯಮ ಮುರಿದುಹೋಗುತ್ತದೆ. ಅವರನ್ನು ಆ ಸ್ಥಿತಿಗೆ ತಂದು ನಿಲ್ಲಿಸಿದ್ದು ನಾವು.

ಹಾಗಂತ ಜಡ್ಜುಗಳ ಪ್ರವಾಸಕ್ಕೆ ಖರ್ಚು ಮಾಡಬೇಡಿ ಅನ್ನುವವಳು ನಾನಲ್ಲ. ಜಾಸ್ತಿ ಮಾಡಲಿ ಅಂತಲೇ ಹೇಳುತ್ತೇನೆ. ಧಾರವಾಡ, ಕಲಬುರಗಿಯ ಕಥೆ ನೋಡಿ. 2008ರ ಜುಲೈವರೆಗೆ ಬೀದರಿನ ಒಬ್ಬ ರೈತನ ಅಪೀಲು ಅಂದರೆ ಬೆಂಗಳೂರು. ಸುಮಾರು ಏಳುನೂರು ಕಿಲೋಮೀಟರು. ಒಂದು ವಾಯಿದೆಗೆ ಎರಡು ರಾತ್ರಿ ಬಸ್ಸು, ಒಂದು ದಿನ ಲಾಡ್ಜು, ಊರಲ್ಲಿ ಮೂರು ದಿನದ ಕೂಲಿ ಖೋತಾ. ‘ಇವತ್ತು ಕೇಸು ಬರಲಿಲ್ಲ’ ಅಂತ ಸಂಜೆ ವಕೀಲರು ಹೇಳಿದರೆ ಮತ್ತೆ ಅದೇ ಬಸ್ಸು. ಆ ವರ್ಷ ಎರಡೂ ಕಡೆ ಸಂಚಾರಿ ಪೀಠ ಶುರುವಾಯಿತು. 2013ರ ಆಗಸ್ಟ್‌ನಲ್ಲಿ ಕಾಯಂ ಪೀಠಗಳಾದವು. ಈಗ ನ್ಯಾಯಮೂರ್ತಿಗಳು ಸರದಿಯಂತೆ ಬೆಂಗಳೂರಿನಿಂದ ಹೋಗಿ ಅಲ್ಲಿ ಕೂರುತ್ತಾರೆ. ಅವರಿಗೆ ಮನೆ ಬೇಕು, ಅಡುಗೆಯವರು ಬೇಕು, ಕಾರು ಬೇಕು. ಹತ್ತಾರು ಜನ ಓಡಾಡಿದರೆ ಸಾವಿರಾರು ಜನ ಓಡಾಡುವುದು ತಪ್ಪುತ್ತದೆ.

ನನ್ನ ಜೊತೆ ತರಬೇತಿಯಲ್ಲಿದ್ದ ಕಲಬುರಗಿ ಕಡೆಯ ಗೆಳತಿ ಆಗ ಫೋನ್ ಮಾಡಿ ಹೇಳಿದ್ದಳು: ‘ನಮ್ಮ ಮಾವಾರು ಈಗ ಮನಿಯಿಂದ ರೊಟ್ಟಿ ಕಟ್ಟಿಕೊಂಡು ಹೋಗಿ ಸಂಜಿಗಿ ಮನಿಗಿ ಬರ್ತಾರ.’ ಇಷ್ಟಕ್ಕೆ ನ್ಯಾಯಮೂರ್ತಿಗಳ ಬಂಗಲೆಯ ಖರ್ಚು ನನಗೆ ದುಬಾರಿ ಅನ್ನಿಸುವುದಿಲ್ಲ.

ಮಗ ಇಂಗ್ಲೆಂಡಿನಲ್ಲಿದ್ದಾನೆ. ಅಲ್ಲಿಗೆ ಹೋಗಿದ್ದಾಗ ಲ್ಯಾಂಕಾಸ್ಟರ್ ಅನ್ನುವ ಊರಿಗೆ ಕರೆದುಕೊಂಡು ಹೋದ. ಅಲ್ಲಿ ‘ಜಡ್ಜಸ್ ಲಾಡ್ಜಿಂಗ್ಸ್’ ಅನ್ನುವ ಒಂದು ಹಳೆಯ ಕಲ್ಲಿನ ಮನೆ ಇದೆ. ಕೋಟೆಯ ಕೋರ್ಟಿಗೆ ಸಂಚಾರ ಬರುತ್ತಿದ್ದ ನ್ಯಾಯಾಧೀಶರು 1975ರವರೆಗೆ ಅಲ್ಲೇ ಇಳಿದುಕೊಳ್ಳುತ್ತಿದ್ದರಂತೆ. ಈಗ ಮ್ಯೂಸಿಯಂ. ಉದ್ದನೆಯ ಊಟದ ಮೇಜು, ಹೊಳೆಯುವ ಮರದ ಕುರ್ಚಿಗಳು. ನನ್ನ ಕಣ್ಣು ಮಾತ್ರ ಅಡುಗೆಮನೆ ಕಡೆಗೇ ಹೋಯಿತು. ಇಲ್ಲಿ ಹಂಡೆ ಒಲೆ ಹಚ್ಚುತ್ತಿದ್ದವರು ಯಾರು ಅಂತ.

ಆ ದೇಶದಲ್ಲಿ ಹಿಂದೆ ಪ್ರವಾಸ ಬಂದ ಜಡ್ಜುಗಳ ವಸತಿ, ಉಪಚಾರ ಎಲ್ಲ ಆ ಜಿಲ್ಲೆಯ ಶೆರಿಫ್ ಅನ್ನುವ ಅಧಿಕಾರಿಯ ಹೊಣೆ. ಬಹಳಷ್ಟನ್ನು ಆತ ಕೈಯಿಂದಲೇ ಹಾಕಬೇಕಿತ್ತು. ಆ ಹುದ್ದೆ ಬೇಡಪ್ಪಾ ಅಂತ ಜನ ತಪ್ಪಿಸಿಕೊಳ್ಳುತ್ತಿದ್ದರಂತೆ. ಮಗ ಇದನ್ನು ವಿವರಿಸಿದಾಗ ನನಗೆ ನಮ್ಮ ಜವಾನರ ಐದು ನೋಟು ನೆನಪಾಯಿತು. ಶೆರಿಫ್ ಆದರೂ ಜಮೀನ್ದಾರ, ತಡೆದುಕೊಂಡಾನು. ಅಲ್ಲಿ ಹೈಕೋರ್ಟ್ ಜಡ್ಜುಗಳು ಸಂಚಾರ ಹೋದರೆ ಉಳಿಯಲಿಕ್ಕೆ ಈಗ ಸರ್ಕಾರದ ಖರ್ಚಿನಲ್ಲೇ ಮನೆಗಳಿವೆ. ಆ ಖರ್ಚು ಜಾಸ್ತಿಯಾಯಿತು ಅಂತ ಪಾರ್ಲಿಮೆಂಟಿನಲ್ಲಿ ಪ್ರಶ್ನೆ ಕೇಳುತ್ತಾರೆ, ಮಂತ್ರಿಗಳು ಲೆಕ್ಕ ಕೊಡುತ್ತಾರೆ. ಖರ್ಚು ಒಂದು ಕಡೆ ಬರೆದಿದ್ದರೆ ತಾನೇ ಜಾಸ್ತಿಯೋ ಕಡಿಮೆಯೋ ಅಂತ ಕೇಳಲಿಕ್ಕಾಗುವುದು?

ನಮ್ಮಲ್ಲಿ ಉಪಚಾರ ಬಹಳ ಸಲ ಕೆಳಗಿನಿಂದ ಹುಟ್ಟುತ್ತದೆ, ಹೆದರಿಕೆಯಿಂದ. 2021ರ ಏಪ್ರಿಲ್ ನೆನಪಿದೆಯಾ? ಕೋವಿಡ್ ಎರಡನೇ ಅಲೆ. ದೆಹಲಿಯಲ್ಲಿ ಜನ ಆಕ್ಸಿಜನ್ ಸಿಗದೆ ಒದ್ದಾಡುತ್ತಿದ್ದಾಗ, ಹೈಕೋರ್ಟ್ ನ್ಯಾಯಮೂರ್ತಿಗಳಿಗೆ, ಸಿಬ್ಬಂದಿಗೆ, ಅವರ ಮನೆಯವರಿಗೆ ಅಂತ ಅಶೋಕ ಹೋಟೆಲಿನಲ್ಲಿ ಕೋವಿಡ್ ಚಿಕಿತ್ಸೆಗೆ 100 ರೂಮು ಕಾಯ್ದಿರಿಸುವ ಆದೇಶ ಬಂತು. ನಾವು ಇಂಥದ್ದನ್ನು ಕೇಳಿಯೇ ಇಲ್ಲ ಅಂತ ಹೈಕೋರ್ಟೇ ಸಿಟ್ಟಾಯಿತು. ಆದೇಶ ವಾಪಸ್ ಆಯಿತು. ಆ ಸುದ್ದಿ ಓದುವಾಗ ನಮ್ಮ ನಲವತ್ತು ಎಲೆ, ಮೊಸರನ್ನ ಎರಡೂ ಕಣ್ಣಮುಂದೆ ಬಂದವು.

ಮೇಲಿನಿಂದ ಕೇಳಿದ್ದೂ ಉಂಟು. 2023ರ ಜುಲೈನಲ್ಲಿ ಅಲಹಾಬಾದ್ ಹೈಕೋರ್ಟಿನ ಕಚೇರಿಯಿಂದ ರೈಲ್ವೆಗೆ ಒಂದು ಪತ್ರ ಹೋಯಿತು. ರೈಲು ತಡವಾದಾಗ ನ್ಯಾಯಮೂರ್ತಿಗಳಿಗೆ ತಿಂಡಿ ಒದಗಿಸಲಿಲ್ಲ, ವಿವರಣೆ ಕೊಡಿ ಅಂತ. ಸುಪ್ರೀಂ ಕೋರ್ಟಿನ ಆಗಿನ ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಎಲ್ಲ ಹೈಕೋರ್ಟುಗಳ ಮುಖ್ಯ ನ್ಯಾಯಮೂರ್ತಿಗಳಿಗೂ ಬರೆದರು. ಶಿಷ್ಟಾಚಾರದ ಸೌಲಭ್ಯಗಳನ್ನು ಬೇರೆಯವರಿಗೆ ತೊಂದರೆ ಆಗುವ ಹಾಗೆ, ನ್ಯಾಯಾಂಗದ ಕಡೆ ಜನ ಬೆರಳು ತೋರಿಸುವ ಹಾಗೆ ಬಳಸಬಾರದು ಅನ್ನುವುದು ಅದರ ಸಾರ. ನಿವೃತ್ತಿಯ ಮೇಲೆ ಓದಿದರೂ ಆ ಪತ್ರ ನನಗೆ ಸಮಾಧಾನ ಕೊಟ್ಟಿತು. ಇಂಥ ಒಂದು ಪತ್ರ ಕೆಳಗಿನವರಿಗೂ ಬರಬೇಕು. ‘ಇಷ್ಟು ಮಾಡಿ, ಇದಕ್ಕಿಂತ ಹೆಚ್ಚು ಮಾಡಬೇಡಿ, ಮಾಡಿದ್ದಕ್ಕೆ ಇಂಥ ಲೆಕ್ಕದಿಂದ ದುಡ್ಡು ತೆಗೆದುಕೊಳ್ಳಿ’ ಅಂತ. ಹೊರಡುವ ಮೊದಲು ಬಿಲ್ಲಿಗೆ ಪ್ರವಾಸ ಬಂದವರದ್ದೇ ಒಂದು ಸಹಿ. ಸಹಿ ಮಾಡುವಾಗ ಮೊತ್ತ ಕಣ್ಣಿಗೆ ಬೀಳುತ್ತದೆ. ನಲವತ್ತು ಎಲೆ ಯಾಕೆ ಅಂತ ಅವರೇ ಕೇಳುತ್ತಾರೆ.

ಹೋದ ತಿಂಗಳು ತಂಗಿ ಮಗಳು ಫೋನ್ ಮಾಡಿದ್ದಳು. ಬೇರೆ ಜಿಲ್ಲೆಯ ಕೋರ್ಟಿನಲ್ಲಿ ಎಸ್‌ಡಿಎ. ಸೇರಿ ಎರಡು ವರ್ಷ ಆಗಿದೆ.

‘ದೊಡ್ಡಮ್ಮ, ಮುಂದಿನ ವಾರ ವಿಸಿಟ್ ಇದೆ. ತಲೆಗೆ ಎರಡು ಸಾವಿರ ಅಂತಿದ್ದಾರೆ. ಏನು ಮಾಡ್ಲಿ?’

ಅವಳನ್ನು ಮುಂದೆ ತಳ್ಳಿ ಜಗಳಕ್ಕೆ ಹಚ್ಚುವುದು ಸುಲಭ, ಅನುಭವಿಸುವವಳು ಅವಳು. ಆದ್ದರಿಂದ ಜಗಳದ ಮಾತು ಆಡಲಿಲ್ಲ. ಒಂದು ಫೈಲ್ ಓಪನ್ ಮಾಡು ಅಂದೆ. ಪ್ರವಾಸ ಕಾರ್ಯಕ್ರಮದ ಪತ್ರ ಮೊದಲನೇ ಪುಟ. ಐ.ಬಿ. ರೂಮಿಗೆ ಬರೆದ ಪತ್ರ ಎರಡನೇದು. ಊಟಕ್ಕೆ ಹೋಟೆಲಿನಿಂದ ಕೊಟೇಶನ್ ತಗೊ, ಎಷ್ಟು ಜನ ಅಂತ ಬರೆಸು. ಮಂಜೂರಾತಿ ಕೇಳಿ ಟಿಪ್ಪಣಿ ಹಾಕಿ ನಿಮ್ಮ ಶಿರಸ್ತೇದಾರರ ಮುಂದೆ ಇಡು, ಅವರ ಮೂಲಕವೇ ನಿಮ್ಮ ಕೋರ್ಟಿನ ಜಡ್ಜ್ ಸಾಹೇಬರ ಹತ್ತಿರ ಹೋಗಲಿ. ಬೇಡ ಅಂದರೆ ಬೇಡ ಅಂತಲೇ ಬರೆಯಲಿ. ಚಂದಾ ಕೊಡಲೇಬೇಕಾಗಿ ಬಂದರೂ ಎಷ್ಟು ಜನ ಎಷ್ಟು ಕೊಟ್ಟರು ಅನ್ನುವುದು ಎಲ್ಲಾದರೂ ಒಂದು ಹಾಳೆಯಲ್ಲಿ ಇರಲಿ.

ನಾಲ್ಕು ದಿನ ಬಿಟ್ಟು ಮತ್ತೆ ಫೋನ್ ಬಂತು. ಟಿಪ್ಪಣಿ ಸಾಹೇಬರವರೆಗೂ ಹೋಗಿತ್ತಂತೆ. ನಲವತ್ತೈದು ಊಟ ಅಂತ ಇದ್ದದ್ದನ್ನು ಅವರು ಕೆಂಪು ಶಾಯಿಯಲ್ಲಿ ಹೊಡೆದು ಹನ್ನೆರಡು ಮಾಡಿದ್ದರಂತೆ. ಹಾರ, ಶಾಲು, ಪೇಟದ ಸಾಲಿನ ಮೇಲೂ ಗೆರೆ ಬಿದ್ದಿತ್ತಂತೆ.

‘ಡ್ರೈವರ್ ಊಟ ಸೇರಿಸಿದೀಯಾ?’ ಅಂತ ಕೇಳಿದೆ.

‘ಹನ್ನೆರಡರಲ್ಲೇ ಇದೆ ದೊಡ್ಡಮ್ಮ’ ಅಂದಳು.